ಅಪ್ಪನ ಕೋವಿಗೆ ಇಪ್ಪತ್ತು ತೋಟೆ

ಮೈಲ್ಸ್ ಸಿಟಿ, ಮೊಂಟಾನಾ
೧೨ ಜನವರಿ ೧೯೮೩

ಥೋರಕ್ಕನಿಗೆ,

ಹನ್ನೆರಡು ವರ್ಷದಿಂದ ಕ್ರಿಸ್‌ಮಸ್ ಕಾರ್ಡಿನಲ್ಲಿ ಹೆಸರು ಗೀಚಿ ಕಳಿಸುವುದು ಬಿಟ್ಟರೆ ನಾವಿಬ್ಬರೂ ಒಂದು ಸಾಲು ಬರೆದುಕೊಂಡಿಲ್ಲ. ಈಗ ಏಕಾಏಕಿ ದಪ್ಪ ಲಕೋಟೆ ಬಂದರೆ ಯಾರೋ ಸತ್ತಿರಬೇಕು ಎಂದುಕೊಳ್ಳುತ್ತೀಯ. ಯಾರೂ ಸತ್ತಿಲ್ಲ. ನಾನು ಅಂಚೆ ಕೆಲಸದಿಂದ ನಿವೃತ್ತನಾಗಿ ಬರ್ನಡೀನಳ ಅಡುಗೆಮನೆಯಲ್ಲಿ ಅವಳ ಕಾಲಿಗೆ ಸಿಕ್ಕಿಕೊಂಡು ಬೈಸಿಕೊಳ್ಳುತ್ತಾ ಇದ್ದೇನೆ.

ವಿಷಯ ಅಪ್ಪನ ಕೋವಿಯದು. ಅಜ್ಜ ಅದನ್ನು ಕಾಡೆಮ್ಮೆ ಬೇಟೆಗಾರನೊಬ್ಬನಿಂದ ಕೊಂಡದ್ದು ೧೮೮೩ರಲ್ಲಿ. ಈ ವರ್ಷಕ್ಕೆ ನೂರಾಯಿತು. ನಮ್ಮೂರ ಹಳೇ ಕೋವಿಗಳ ಪಂದ್ಯದ ಇಂಗ್ವಾಲ್ಡ್ ಪೇಟೆಯಲ್ಲಿ ಸಿಕ್ಕಿ, "ನಿಮ್ಮಪ್ಪ ಗುಂಡರ್ ಕೋವೀನ ನೀನು ಗೋಡೆಗೆ ತೂಗುಹಾಕಿ ಪೂಜೆ ಮಾಡ್ತಿದೀಯೇನೋ? ಸೆಪ್ಟೆಂಬರಿಗೆ ತಗೊಂಡ್ ಬಾ" ಅಂದ. ಹೋಗಬೇಕು ಎಂದು ಆಸೆಯಾಗಿದೆ ಅಕ್ಕ. ಕಣ್ಣಿಗೆ ಪೊರೆ ಬರುತ್ತಿದೆ. ಮುಂದಿನ ವರ್ಷ ನಾನೂರು ಗಜದಾಚೆಯ ಕಬ್ಬಿಣದ ಹಲಗೆ ಕಾಣುತ್ತದೆಂಬ ಭರವಸೆ ಇಲ್ಲ.

ಪಂದ್ಯಕ್ಕೆ ಇಪ್ಪತ್ತು ಈಡು ಬೇಕು. ಕರಿಮದ್ದು ಇದೆ, ಕೇಪು ಇದೆ, ಸೀಸ ಇದೆ. ಅವನ್ನೆಲ್ಲ ತುಂಬಲು ಹಿತ್ತಾಳೆ ತೋಟೆ ಇಲ್ಲ. ನಮ್ಮ ಕೋವಿಗೆ ಬೇಕಾದ ನಲವತ್ತು-ಎಪ್ಪತ್ತರ ಅಳತೆಯ ತೋಟೆಯನ್ನು ಯಾವ ಕಾರ್ಖಾನೆಯೂ ಮಾಡದೆ ಐವತ್ತು ವರ್ಷವಾಯಿತು. ಪತ್ರಿಕೆಯಲ್ಲಿ ಮೂರು ಸಲ ಜಾಹೀರಾತು ಕೊಟ್ಟೆ. ಟೆಕ್ಸಸ್ಸಿನ ಒಬ್ಬ ಕಳಿಸಿದ ಡಬ್ಬಿಯಲ್ಲಿ ಬೇರೆಯೇ ಅಳತೆಯವು ಇದ್ದವು.

ಅಪ್ಪ ಉಯಿಲಿನಲ್ಲಿ ಕೋವಿಯನ್ನು ನನಗೆ ಬರೆದ, ಅದರ ನೂರಿಪ್ಪತ್ತು ತೋಟೆ, ಅಚ್ಚು, ತಕ್ಕಡಿ ಎಲ್ಲವನ್ನೂ ನಿನಗೆ ಬರೆದ. ಅದು ಯಾಕೆಂದು ಅವನಿಗೇ ಗೊತ್ತು. ನನ್ನ ಹತ್ತಿರ ಇರುವುದು ಈಗ ಬರೀ ದೊಣ್ಣೆ. ಇಪ್ಪತ್ತು ತೋಟೆ ಕಳಿಸಿಕೊಡು, ಪಂದ್ಯ ಮುಗಿದ ಮೇಲೆ ತೊಳೆದು ವಾಪಸು ಕಳಿಸುತ್ತೇನೆ.

ನಿನ್ನ ತಮ್ಮ,
ಅಲ್ವಿನ್


ಕೊಹೇಗನ್
೩೦ ಜನವರಿ ೧೯೮೩

ಅಲ್ವಿನ್,

ಕಾಗದ ಬಂತು. ಅಪ್ಪನ ತೋಟೆ ಕೊಡುವ ಸ್ಥಿತಿಯಲ್ಲಿ ಇಲ್ಲ. ಯಾಕೆ ಎಂದು ಕೇಳಬೇಡ.

ನಿನ್ನ ಕಣ್ಣಿನ ವಿಷಯ ಓದಿ ಬೇಜಾರಾಯಿತು. ಊರೂರಿಗೆ ಜಾಹೀರಾತು ಕೊಡುವ ಬದಲು ಎಂಬತ್ತು ಮೈಲಿ ದೂರದ ಅಕ್ಕನನ್ನು ಮೊದಲೇ ಕೇಳಬಹುದಿತ್ತು. ಇರಲಿ. ಒಂದು ಮಾತು ಕೇಳು. ಸಂತೆಯಲ್ಲಿ, ಮೇಳದಲ್ಲಿ ಯಾರಾದರೂ ಹಳೇ ಕಾಲದ ನಲವತ್ತು-ಎಪ್ಪತ್ತು ಎಂದು ಥಳಥಳ ಹೊಳೆಯುವ ತೋಟೆ ಮಾರಿದರೆ ಕೊಳ್ಳಬೇಡ. ಕ್ರಾಗ್ ಎಂಬ ಹಳೇ ಸೈನ್ಯದ ಕೋವಿ ಗೊತ್ತಲ್ಲ, ನಮ್ಮ ಕಡೆ ಅರ್ಧ ಜನ ಜಿಂಕೆ ಹೊಡೆಯಲು ಅದನ್ನೇ ಬಳಸುತ್ತಾರೆ. ಅದರ ಖಾಲಿ ತೋಟೆ ಹುಡುಕು. ತಳ ನಮ್ಮದರಷ್ಟೇ ಇರುತ್ತದೆ, ಬಾಯಿ ಮಾತ್ರ ಕಿರಿದು. ಅಗಲ ಮಾಡಿಕೊಳ್ಳಬಹುದು.

ಫೋನ್ ಮಾಡಬೇಡ. ನಮ್ಮ ಲೈನು ಆರು ಮನೆಗೆ ಒಂದೇ. ನಾನು ರಿಸೀವರ್ ಎತ್ತುವ ಮೊದಲೇ ಮಿಸೆಸ್ ಕ್ವಾಮೆ ಕಿವಿ ಇಟ್ಟಿರುತ್ತಾಳೆ.

ಥೋರಾ


ಮೈಲ್ಸ್ ಸಿಟಿ
೨೫ ಫೆಬ್ರವರಿ ೧೯೮೩

ಅಕ್ಕ,

ನಿನ್ನ ಕಾಗದ ಬರುವುದು ಎರಡು ದಿನ ತಡವಾಯಿತು. ಮೂವತ್ತೈದು ವರ್ಷ ಅಂಚೆ ಹಂಚಿದವನಿಗೇ ಹೀಗೆ. ಅಷ್ಟರಲ್ಲಿ ನಾನು ಬಿಲಿಂಗ್ಸ್‌ನ ಕೋವಿ ಮೇಳಕ್ಕೆ ಹೋಗಿ ಮೂವತ್ತು ಹಳೇ ತೋಟೆ ಕೊಂಡು ಬಂದಾಗಿತ್ತು. ಅಸಲಿ ನಲವತ್ತು-ಎಪ್ಪತ್ತು, ಬಂಗಾರದ ಬಳೆಯ ಹಾಗೆ ಹೊಳೆಯುತ್ತಿದ್ದವು. ನಿನ್ನ ಕಾಗದ ಓದಿ, ಅಕ್ಕನಿಗೆ ಎಲ್ಲದರಲ್ಲೂ ಅನುಮಾನ ಎಂದುಕೊಂಡೆ.

ಮದ್ದು ತುಂಬಿಕೊಂಡು ಹಳ್ಳದ ಕಡೆ ಹೋಗಿ ಹೊಡೆದೆ. ಹನ್ನೊಂದರಲ್ಲಿ ಒಂಬತ್ತು ಉದ್ದಕ್ಕೆ ಸೀಳಿದವು. ಹನ್ನೆರಡನೆಯದರ ತಳವೇ ಕಿತ್ತು ಕೈಗೆ ಬಂತು, ಉಳಿದ ಕೊಳವೆ ನಳಿಗೆಯೊಳಗೆ ಕಚ್ಚಿಕೊಂಡಿತು. ಹೊಗೆ ಹಿಂದಕ್ಕೆ ನುಗ್ಗಿ ಎಡಗಡೆ ಹುಬ್ಬು ಸುಟ್ಟಿತು. ಕನ್ನಡಕ ಇದ್ದದ್ದಕ್ಕೆ ಕಣ್ಣು ಉಳಿಯಿತು. ಬರ್ನಡೀನ್ ಒಂದು ಮಾತೂ ಆಡದೆ ಕೋವಿಯನ್ನು ಬೀರುವಿಗೆ ಹಾಕಿ ಕೀಲಿ ಎಲ್ಲೋ ಬಚ್ಚಿಟ್ಟಳು. ಆಮೇಲೆ ಆಡಿದಳು, ಅದನ್ನು ಬರೆಯುವುದಿಲ್ಲ.

ನಿನ್ನ ಹತ್ತಿರ ನೂರಿಪ್ಪತ್ತು ಒಳ್ಳೇ ತೋಟೆ ಇಟ್ಟುಕೊಂಡು ನನ್ನನ್ನು ಯಾಕೆ ಹೀಗೆ ಊರೂರು ಅಲೆಸುತ್ತೀಯ? ಕೇಳಬೇಡ ಅಂದೆ, ಆದರೂ ಕೇಳುತ್ತಿದ್ದೇನೆ.

ಅರ್ಧ ಹುಬ್ಬಿನ ತಮ್ಮ,
ಅಲ್ವಿನ್


ಕೊಹೇಗನ್
೬ ಮಾರ್ಚ್ ೧೯೮೩

ಅಲ್ವಿನ್,

ತಲೆಯಲ್ಲಿ ಏನು ತುಂಬಿಕೊಂಡಿದ್ದೀಯೋ, ಮದ್ದೇ ಇರಬೇಕು. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ಅಮ್ಮ ಎಷ್ಟು ಸಲ ಹೇಳುತ್ತಿದ್ದಳು. ಆ ಕಾಲದ ಕೇಪಿನಲ್ಲಿ ಪಾದರಸ ಇರುತ್ತಿತ್ತು. ಒಂದು ಸಲ ಹೊಡೆದರೆ ಪಾದರಸ ಹಿತ್ತಾಳೆಯ ಒಳಗೆ ಇಳಿದು ಅದನ್ನು ಬಿಸ್ಕತ್ತಿನ ಹಾಗೆ ಮಾಡಿಬಿಡುತ್ತದೆ, ಹೊರಗೆ ಏನೂ ಕಾಣುವುದಿಲ್ಲ. ಉಳಿದವನ್ನು ಇಕ್ಕಳದಲ್ಲಿ ಹಿಚುಕಿ ನೋಡು. ಒಳ್ಳೇ ಹಿತ್ತಾಳೆ ಬಾಗುತ್ತದೆ, ಕೆಟ್ಟದ್ದು ಮುರಿಯುತ್ತದೆ. ಮುರಿದರೆ ಎಸೆ. ಮುರಿಯದಿದ್ದರೂ ಎಸೆ.

ಈ ಪಾರ್ಸೆಲಿನಲ್ಲಿ ಅಪ್ಪನ ಅಚ್ಚುಗಳೂ ಬಾಯಿ ಅಗಲಿಸುವ ಮೂರು ಮೊಳೆಗಳೂ ಇವೆ. ಅವು ನನ್ನ ಮೇಜು ಬಿಟ್ಟು ಹೋಗುತ್ತಿರುವುದು ಇದೇ ಮೊದಲು. ಬೀಳಿಸಿದರೆ ನೋಡು. ಕ್ರಾಗ್ ತೋಟೆ ಸಿಕ್ಕ ಮೇಲೆ ಹೀಗೆ ಮಾಡು. ಅಗಲ ತಟ್ಟೆಯಲ್ಲಿ ಅರ್ಧ ಮುಳುಗುವಷ್ಟು ನೀರು ಹಾಕಿ ತೋಟೆಗಳನ್ನು ನಿಲ್ಲಿಸು. ತಳ ತಣ್ಣಗೇ ಇರಬೇಕು, ಅದು ಮೆತ್ತಗಾದರೆ ನಿನ್ನ ಇನ್ನೊಂದು ಹುಬ್ಬೂ ಹೋಗುತ್ತದೆ. ಪರದೆ ಎಳೆದು ಕೋಣೆ ಮಬ್ಬು ಮಾಡಿಕೊಂಡು ಬೆಸುಗೆ ಹಾಕುವ ಗ್ಯಾಸ್ ಟಾರ್ಚಿನ ಉರಿಯನ್ನು ತೋಟೆಯ ಬಾಯಿಗೆ ಹಿಡಿ. ಮಂಕು ಕೆಂಪು ಕಂಡ ತಕ್ಷಣ ಕಡ್ಡಿಯಿಂದ ನೀರಿಗೆ ಉರುಳಿಸು. ಆಮೇಲೆ ಸಣ್ಣ ಮೊಳೆ, ನಡುವಿನದು, ದೊಡ್ಡದು, ಒಂದೊಂದಾಗಿ. ಅವಸರ ಮಾಡಿದರೆ ಬಾಯಿ ಸೀಳುತ್ತದೆ.

ಬರ್ನಡೀನಳಿಗೆ ನನ್ನ ನಮಸ್ಕಾರ ಹೇಳು. ಕೀಲಿ ಬಚ್ಚಿಟ್ಟದ್ದು ಸರಿ ಎಂದೂ ಹೇಳು.

ಥೋರಾ


ಮೈಲ್ಸ್ ಸಿಟಿ
೧೭ ಏಪ್ರಿಲ್ ೧೯೮೩

ಥೋರಕ್ಕಾ,

ಹಾರ್ಡ್‌ವೇರ್ ಅಂಗಡಿಯ ಹಳೇ ಗಿರಾಕಿ ಒಬ್ಬನ ಹತ್ತಿರ ಮೂವತ್ತು ಕ್ರಾಗ್ ತೋಟೆ ಸಿಕ್ಕಿತು. ಅವುಗಳಲ್ಲಿ ಹದಿನಾಲ್ಕನ್ನು ಹಾಳು ಮಾಡಿದ್ದೇನೆ. ಬೈಯುವ ಮುಂಚೆ ಪೂರ್ತಿ ಓದು.

ಮೊದಲ ಐದು ಅವಸರದಲ್ಲಿ ಸೀಳಿದವು. ಆಮೇಲೆ ಆರನ್ನು ಕೆಂಪಗೆ ಕೆಂಡದ ಹಾಗೆ ಕಾಯಿಸಿದೆ, ಮಂಕು ಕೆಂಪು ಎಂದರೆ ಎಷ್ಟು ಮಂಕು ಎಂದು ನೀನು ಬರೆದಿರಲಿಲ್ಲ. ಹಿಚುಕಿದರೆ ಬೆಣ್ಣೆಯಂತಾಗಿತ್ತು. ಇನ್ನು ಮೂರು ಕಾಯಿಸುವಾಗಲೇ ಬರ್ನಡೀನ್ ಬಂದು ಪರದೆ ಸರಿಸಿದಳು, ಬೆಳಕಿಗೆ ಕೆಂಪು ಕಾಣದೆ ಅವೂ ಹಾಳಾದವು. "ಹಗಲು ಹೊತ್ತಲ್ಲಿ ಕತ್ತಲೆ ಮಾಡ್ಕೊಂಡು ಏನ್ರೀ ಮಾಡ್ತಿದೀರ? ಅಯ್ಯೋ, ನನ್ನ ಕೇಕ್ ತಟ್ಟೆ" ಅಂದಳು. ಆ ತಟ್ಟೆಯಲ್ಲಿ ಇನ್ನು ಕೇಕ್ ಮಾಡುವುದಿಲ್ಲವಂತೆ, ನನ್ನನ್ನೇ ಹಾಕಿ ಬೇಯಿಸುತ್ತಾಳಂತೆ.

ಆದರೆ ಹದಿನೈದನೆಯದು ಸರಿಯಾಗಿ ಬಂತು ಅಕ್ಕ. ನೀರಿಗೆ ಬಿದ್ದಾಗ ಚುಂಯ್ ಅಂತು. ದೊಡ್ಡ ಮೊಳೆ ಹೊಕ್ಕು ಹೊರಗೆ ಬಂದಾಗ ಬಾಯಿ ದುಂಡಗೆ, ಒಂದು ಗೀರೂ ಇಲ್ಲ. ಬೆಳಗಿನಿಂದ ಅದನ್ನು ಜೇಬಿನಲ್ಲಿ ಇಟ್ಟುಕೊಂಡು ತಿರುಗುತ್ತಿದ್ದೇನೆ. ಅರವತ್ತಮೂರು ವರ್ಷದಲ್ಲಿ ಕೈಯಾರೆ ಮಾಡಿದ ವಸ್ತು ಎಂದು ನನ್ನ ಹತ್ತಿರ ಇರುವುದು ಅದೊಂದೇ. ನೀನು ಚಿಕ್ಕ ಹುಡುಗಿಯಾಗಿ ಆ ಮೇಜಿಗೆ ಯಾಕೆ ಅಂಟಿಕೊಂಡಿರುತ್ತಿದ್ದೆ ಎಂದು ಈಗ ತಿಳಿಯಿತು.

ಒಂದು ಚಿಂತೆ. ಉದ್ದ ಅಸಲಿಗಿಂತ ಕಾಲಂಗುಲದಷ್ಟು ಕಮ್ಮಿ. ಪರವಾಗಿಲ್ಲವೇ?

ಅಲ್ವಿನ್


ಕೊಹೇಗನ್
೩ ಮೇ ೧೯೮೩

ಅಲ್ವಿನ್,

ಪರವಾಗಿಲ್ಲ. ಮದ್ದು ಸ್ವಲ್ಪ ಕಮ್ಮಿ ಹಿಡಿಸುತ್ತದೆ, ಅಷ್ಟೆ. ಗಿಡ್ಡ ಅಂಗಿ ಹಾಕಿಕೊಂಡವನೂ ಚರ್ಚಿಗೆ ಹೋಗುತ್ತಾನೆ.

ನಾನು ಮೊದಲ ಸಲ ಮಾಡಿದಾಗ ಹದಿನಾರು ವರ್ಷ, ಇಪ್ಪತ್ತೆರಡು ಹಾಳು ಮಾಡಿದ್ದೆ. ಅಪ್ಪನಿಗೆ ಗೊತ್ತಾಗದಂತೆ ಬಾವಿಗೆ ಎಸೆದೆ. ನೀನು ಹದಿನಾಲ್ಕು ಹಾಳಾಗುವುದರಲ್ಲೇ ಕಲಿತೆ. ಇದನ್ನು ಯಾರಿಗೂ ಹೇಳಬೇಡ.

ಜೇಬಿನಲ್ಲಿ ಇಟ್ಟುಕೊಂಡು ತಿರುಗುತ್ತಿದ್ದೇನೆ ಎಂದು ಓದಿ ನಗು ಬಂತು. ಆ ಕಾಗದವನ್ನು ಎರಡು ಸಲ ಓದಿದೆ. ಆಲೂಗಡ್ಡೆಯ ಲೆಫ್ಸೆ ರೊಟ್ಟಿ ಮಾಡಿದ್ದೆ, ಒಂದು ಡಜನ್ ಕಳಿಸಿದ್ದೇನೆ. ಕೇಕ್ ತಟ್ಟೆಯ ಪರಿಹಾರ ಎಂದು ಬರ್ನಡೀನಳಿಗೆ ಹೇಳು.

ಅಕ್ಕ


ಮೈಲ್ಸ್ ಸಿಟಿ
೨೦ ಜೂನ್ ೧೯೮೩

ಥೋರಕ್ಕಾ,

ಹದಿನಾರು ಮುಗಿಯಿತು. ಮೂವತ್ತೂ ಖಾಲಿ. ಆ ಗಿರಾಕಿಯ ಹತ್ತಿರ ಇನ್ನಿಲ್ಲ, ಈ ಊರಿನಲ್ಲಿ ಕ್ರಾಗ್ ಇರುವ ಪ್ರತಿಯೊಬ್ಬನ ಬಾಗಿಲೂ ತಟ್ಟಿಯಾಯಿತು. ನಾಯಿಗಳು ಕೂಡ ನನ್ನನ್ನು ಕಂಡು ಬೊಗಳುವುದು ಬಿಟ್ಟಿವೆ. ಬರ್ನಡೀನಳನ್ನು ಗೋಗರೆದು ಕೀಲಿ ಪಡೆದು ಹದಿನಾರನ್ನೂ ಒಂದೊಂದು ಸಲ ಹೊಡೆದು ನೋಡಿದೆ, ಒಂದೂ ಸೀಳಿಲ್ಲ. ಅಪ್ಪನ ಅಚ್ಚು, ಮೊಳೆಗಳನ್ನು ಒಂದನ್ನೂ ಬೀಳಿಸದೆ ನಿನಗೆ ವಾಪಸು ಕಳಿಸಿದ್ದೇನೆ.

ಬೇಕಾಗಿರುವುದು ಇನ್ನು ನಾಲ್ಕೇ. ಅಪ್ಪನ ನೂರಿಪ್ಪತ್ತರಲ್ಲಿ ನಾಲ್ಕು. ಈಗ ನಾವು ಮಾತಾಡುತ್ತಿದ್ದೇವಲ್ಲ, ಹಳೇ ಕೋಪ ಇನ್ನೂ ಯಾಕೆ? ನೀನು ಕಳಿಸುವುದೂ ಬೇಡ, ಮುಂದಿನ ಶನಿವಾರ ನಾನೇ ಬಂದು ತಗೊಂಡು ಹೋಗುತ್ತೇನೆ. ಪೆಟ್ಟಿಗೆ ಎಲ್ಲಿದೆ ಎಂದು ತೋರಿಸು ಸಾಕು. ಕಾಫಿ ಕುಡಿದು ಹೊರಡುತ್ತೇನೆ.

ಅಲ್ವಿನ್


ಕೊಹೇಗನ್
೨೪ ಜೂನ್ ೧೯೮೩

ಅಲ್ವಿನ್,

ಇದನ್ನು ಓದಿ ಆಮೇಲೆ ಬರುವುದೋ ಬಿಡುವುದೋ ನೋಡು.

ಪೆಟ್ಟಿಗೆ ಲಾಯದಲ್ಲಿದೆ. ಕುದುರೆಗಳ ತಲೆಯ ಮೇಲಿನ ಅಟ್ಟದಲ್ಲಿ. ಅಪ್ಪನನ್ನು ಮಣ್ಣು ಮಾಡಿದ ವಾರದಲ್ಲೇ ಅಲ್ಲಿಗೆ ಏರಿಸಿದೆ. ಕುದುರೆ ಗಂಜಳದ ಘಾಟು ಹಿತ್ತಾಳೆಯನ್ನು ತಿನ್ನುತ್ತದೆ. ಕಣ್ಣಿಗೆ ಕಾಣದ ಬಿರುಕು ಬಿಡಿಸುತ್ತದೆ. ತೋಟೆ ಎಲ್ಲಿ ಬೇಕಾದರೂ ಇಡು, ಲಾಯದಲ್ಲಿ ಮಾತ್ರ ಇಡಬೇಡ ಎಂದು ಅಪ್ಪ ನನಗೆ ಕಲಿಸಿದ ಮೊದಲ ಪಾಠವೇ ಅದು. ಮರೆತು ಇಟ್ಟದ್ದಲ್ಲ ಅಲ್ವಿನ್. ಗೊತ್ತಿದ್ದೇ ಇಟ್ಟೆ. ಎಸೆಯಲು ಕೈ ಬರಲಿಲ್ಲ, ಇಟ್ಟುಕೊಳ್ಳಲು ಮನಸ್ಸು ಬರಲಿಲ್ಲ.

ನಿನ್ನ ಮೊದಲ ಕಾಗದ ಬಂದ ದಿನ ಇಳಿಸಿ ನೋಡಿದೆ. ನೋಡಲು ಚೆನ್ನಾಗಿಯೇ ಇದ್ದವು. ಒಂದನ್ನು ಬೆರಳಲ್ಲಿ ಒತ್ತಿದೆ, ಬಾಯಿಂದ ತಳದವರೆಗೆ ಬಿರಿಯಿತು. ಇನ್ನೊಂದು, ಮತ್ತೊಂದು. ಹನ್ನೆರಡು ಒತ್ತಿ ನಿಲ್ಲಿಸಿದೆ. ಅಪ್ಪನ ಒಂದು ತೋಟೆಯೂ ಉಳಿದಿಲ್ಲ.

ಕೋವಿ ನಿನಗೆ ಹೋಯಿತು ಎಂದು ನನಗೆ ಹೊಟ್ಟೆಕಿಚ್ಚು ಎಂದೇ ನೀನು ಇಷ್ಟು ವರ್ಷ ತಿಳಿದಿದ್ದೀಯ. ಸ್ವಲ್ಪ ಅದೂ ಹೌದು. ಆದರೆ ನಿಜವಾದ ನೋವು ಬೇರೆ. ಪಂದ್ಯದಲ್ಲಿ ಮೊದಲ ಈಡಿನ ಮುಂಚೆ ಲೆಕ್ಕದವನು ಎದ್ದು ನಿಂತು "ತುಂಬಿದ್ದು ಯಾರು?" ಎಂದು ಎಲ್ಲರ ಮುಂದೆ ಕೂಗಿ ಕೇಳುತ್ತಾನಲ್ಲ. ಯಾರೋ ತುಂಬಿದ ತೋಟೆ ಸಿಡಿದು ಒಬ್ಬನ ಕಣ್ಣು ಹೋದ ಮೇಲೆ ಬಂದ ಪದ್ಧತಿ ಅದು, ಆ ಹೆಸರು ಪುಸ್ತಕದಲ್ಲಿ ಬರೆಯುತ್ತಾರೆ. ಇಪ್ಪತ್ತಾರು ವರ್ಷ ಅಪ್ಪನ ಒಂದೊಂದು ತೋಟೆಯನ್ನೂ ತುಂಬಿದ್ದು ನಾನು. ಗುಂಡು ಎರೆದದ್ದು ನಾನು, ಮದ್ದು ತೂಗಿದ್ದು ನಾನು. ಇಪ್ಪತ್ತಾರು ವರ್ಷವೂ ನಾನು ಬಂಡಿಯ ಹಿಂದೆ ಕೂತಿರುತ್ತಿದ್ದೆ, ಅಪ್ಪ ಎದೆ ಎತ್ತಿ "ನಾನೇ" ಅನ್ನುತ್ತಿದ್ದ. ಒಂದೇ ಒಂದು ವರ್ಷ ನನ್ನ ಹೆಸರು ಹೇಳಿದ್ದರೆ ಆ ಪೆಟ್ಟಿಗೆಯನ್ನು ಹಾಸಿಗೆಯ ಕೆಳಗೆ ಇಟ್ಟುಕೊಂಡು ಕಾಯುತ್ತಿದ್ದೆ.

ನಿನಗೆ ಮೋಸ ಮಾಡಿದ್ದೇನೆ. ಆರು ತಿಂಗಳಿಂದ ಪ್ರತಿ ಕಾಗದದಲ್ಲೂ ಬರೆಯಬೇಕು ಎಂದುಕೊಂಡು ತೋಟೆ ಕಾಯಿಸುವುದನ್ನು ಬರೆದೆ.

ಥೋರಾ


ಕೊಹೇಗನ್
೨ ಆಗಸ್ಟ್ ೧೯೮೩

ಅಲ್ವಿನ್,

ನೀನು ಆ ಶನಿವಾರ ಬರಲಿಲ್ಲ. ಕಾಗದವೂ ಇಲ್ಲ. ತಪ್ಪು ನನ್ನದೇ, ಹಾಗಾಗಿ ಕೇಳುವುದಿಲ್ಲ.

ಮಿಸೆಸ್ ಕ್ವಾಮೆಯ ಗಂಡ ಕ್ರಾಗ್ ಇಟ್ಟುಕೊಂಡಿದ್ದ ಎಂದು ನೆನಪಾಗಿ ಹೋಗಿ ಕೇಳಿದೆ. ಫೋನಿನಲ್ಲಿ ಇಷ್ಟು ವರ್ಷ ನನ್ನ ಮಾತು ಕದ್ದು ಕೇಳಿದ್ದಕ್ಕೆ ಬಾಡಿಗೆ ಕೊಡು ಅಂದೆ. ನಕ್ಕು ನಾಲ್ಕು ತೋಟೆ ಕೊಟ್ಟಳು. ಕಾಯಿಸಿ, ಅಗಲಿಸಿ, ತುಂಬಿ ಇಟ್ಟಿದ್ದೇನೆ. ಮದ್ದು ತುಂಬಿದ್ದನ್ನು ಅಂಚೆಯಲ್ಲಿ ಹಾಕುವಂತಿಲ್ಲ, ಅದು ನಿನಗೇ ಗೊತ್ತು. ಮಂಗಳವಾರ ನಿಮ್ಮ ಪೇಟೆಗೆ ದನ ಸಾಗಿಸುವ ಲಾರಿಯವನ ಕೈಯಲ್ಲಿ ಕಳಿಸುತ್ತೇನೆ. ಕೋಪ ಇದ್ದರೆ ಇರಲಿ, ತೋಟೆ ಮಾತ್ರ ಬಳಸು. ಲಾಯದ ಹತ್ತಿರಕ್ಕೂ ಒಯ್ದಿಲ್ಲ, ಅಡುಗೆಮನೆಯಲ್ಲೇ ಮಾಡಿದ್ದು.

ಥೋರಾ


ಮೈಲ್ಸ್ ಸಿಟಿ
೮ ಸೆಪ್ಟೆಂಬರ್ ೧೯೮೩

ಥೋರಕ್ಕಾ,

ಕೋಪ ಬಂದಿತ್ತು. ಸುಳ್ಳು ಯಾಕೆ ಹೇಳಲಿ, ಮೂರು ವಾರ ಕೋಪ ಇತ್ತು. ಆಮೇಲೆ ಕೋಪ ಇಳಿದು ಅದರ ಕೆಳಗೆ ನಾಚಿಕೆ ಕಂಡಿತು, ಅದಕ್ಕೆ ಬರೆಯಲಾಗಲಿಲ್ಲ. ಅಪ್ಪ "ನಾನೇ" ಅನ್ನುವಾಗ ನಾನೂ ಪಕ್ಕದಲ್ಲೇ ಇರುತ್ತಿದ್ದೆನಲ್ಲ. ಕೋವಿ ಒರೆಸುವ ಬಟ್ಟೆ ಹಿಡಿದು ನಿಂತಿರುತ್ತಿದ್ದೆ. ತುಂಬುವುದು ನೀನು ಎಂದು ನನಗೆ ಗೊತ್ತಿತ್ತು. ಒಂದು ದಿನವೂ ಬಾಯಿ ಬಿಡಲಿಲ್ಲ.

ಸೋಮವಾರ ಪಂದ್ಯ ಆಯಿತು. ಕ್ರಮವಾಗಿ ಹೇಳುತ್ತೇನೆ. ಈ ಸಲ ಬರ್ನಡೀನ್ ತಾನೇ ಕೀಲಿ ತಂದು ಕೊಟ್ಟಳು. ಡಬ್ಬಿಯಲ್ಲಿ ನನ್ನ ಹದಿನಾರು, ನಿನ್ನ ನಾಲ್ಕು. ಗಾಳಿ ಇರಲಿಲ್ಲ. ನನ್ನ ಸರದಿ ಬಂದಾಗ ಲೆಕ್ಕದವನು ಎದ್ದು "ತುಂಬಿದ್ದು ಯಾರು?" ಅಂದ. ನಾನು "ನಾನೇ" ಅಂದೆ.

ಯೋಚಿಸಿ ಹೇಳಿದ್ದಲ್ಲ ಅಕ್ಕ. ನಿನ್ನ ಕಾಗದ ಜೇಬಿನಲ್ಲೇ ಇತ್ತು, ಆದರೂ ಬಂದುಬಿಟ್ಟಿತು. ಅಷ್ಟು ಜನ ನೋಡುತ್ತಿರುವಾಗ ಆ ಮಾತು ಎಷ್ಟು ಸಲೀಸಾಗಿ ಬರುತ್ತದೆ ಎಂದು ನನಗೆ ಗೊತ್ತಿರಲಿಲ್ಲ.

ಹದಿನಾರರಲ್ಲಿ ಒಂಬತ್ತು ತಾಗಿದವು. ಕೊನೆಗೆ ನಿನ್ನ ನಾಲ್ಕು. ನಾಲ್ಕೂ ಹಲಗೆಯ ನಡುವಿಗೆ ಹೋಗಿ ಠಣ್ ಠಣ್ ಅಂದವು. ನಾನು ಎದ್ದವನೇ ಲೆಕ್ಕದವನ ಮೇಜಿಗೆ ಹೋಗಿ, "ನಾನು ಸುಳ್ಳು ಹೇಳ್ದೆ. ನನ್ನ ಅಕ್ಕ ಥೋರಾ ಅಂತ ಬರಿ" ಅಂದೆ. "ಇರೋದು ಒಂದೇ ಸಾಲು ಕಣಯ್ಯ" ಅಂದ. "ಹಾಗಾದ್ರೆ ನನ್ನ ಹೆಸರು ಹೊಡೆದುಹಾಕು" ಅಂದೆ. ಹೊಡೆದುಹಾಕಿ ನಿನ್ನ ಹೆಸರು ಬರೆದ. ಆಮೇಲೆ ಎಲ್ಲರಿಗೂ ಕೇಳುವ ಹಾಗೆ ಹೇಳಿದೆ, ಅಪ್ಪನ ಇಪ್ಪತ್ತಾರು ವರ್ಷದ್ದೂ ಅವಳೇ ತುಂಬಿದ್ದು ಎಂದು. ಆಗ ಇಂಗ್ವಾಲ್ಡ್ ಮುದುಕ ಕುರ್ಚಿಯಿಂದಲೇ, "ನಮಗೆಲ್ಲ ಗೊತ್ತಿತ್ತು ಕಣೋ. ಗುಂಡರ್ ಬೂಟಿನ ಲೇಸು ಕಟ್ಟೋಕೂ ತಾಳ್ಮೆ ಇಲ್ದೋನು, ಮದ್ದು ತೂಗ್ತಿದ್ನೇ?" ಅಂದ. ಎಲ್ಲರೂ ನಕ್ಕರು. ನನಗೂ ನಗು ಬಂತು, ಆಮೇಲೆ ಲಾರಿಯ ಹಿಂದೆ ಹೋಗಿ ಅತ್ತೆ.

ಹದಿಮೂರಕ್ಕೆ ಯಾವ ಬಹುಮಾನವೂ ಬರುವುದಿಲ್ಲ. ಇಪ್ಪತ್ತು ತೋಟೆಯೂ ಸೀಳದೆ ಚೆನ್ನಾಗಿವೆ, ತೊಳೆದು ಒಣಗಿಸಿ ಇಟ್ಟಿದ್ದೇನೆ. ಕೋವಿ ನಿನ್ನ ಮನೆಯಲ್ಲಿ ಇರುವುದೇ ಸರಿ. ತಂದು ಕೊಡಲೇ?

ತಮ್ಮ,
ಅಲ್ವಿನ್


ಕೊಹೇಗನ್
೧೪ ಸೆಪ್ಟೆಂಬರ್ ೧೯೮೩

ಅಲ್ವಿನ್,

ಹದಿನಾರು ತುಂಬಿದವನು ನೀನು. ಇಪ್ಪತ್ತಕ್ಕೂ ನನ್ನ ಹೆಸರು ಬರೆಸಿದ್ದು ಇನ್ನೊಂದು ಸುಳ್ಳು. ಅಪ್ಪನದು ಒಂದು, ನಿನ್ನದು ಒಂದು. ನಿನ್ನದನ್ನು ನಾನು ತಿದ್ದಿಸುವುದಿಲ್ಲ, ಹಾಗೇ ಇರಲಿ. ಗೊತ್ತಿದ್ದೂ ಇಷ್ಟು ವರ್ಷ ಬಾಯಿಗೆ ಬೀಗ ಹಾಕಿಕೊಂಡಿದ್ದ ಇಂಗ್ವಾಲ್ಡ್ ಮುದುಕನಿಗೆ ಮಾತ್ರ ನಾನೇ ಹೋಗಿ ಎರಡು ಮಾತು ಹೇಳಬೇಕು.

ನಿನ್ನ ಕಾಗದ ಬಂದಾಗ ಅಂಚೆ ಪೆಟ್ಟಿಗೆಯ ಹತ್ತಿರ ನಿಂತೇ ಓದಿದೆ. ಮನೆಗೆ ಬಂದು ಮತ್ತೆ ಓದಿದೆ. ಮನಸ್ಸು ಹಗುರವಾಗಿದೆ ಕಣೋ. ಬೆಳಿಗ್ಗೆ ಲಾಯದ ಪೆಟ್ಟಿಗೆ ಇಳಿಸಿ ಗುಜರಿಯವನಿಗೆ ಹಾಕಿ ಬಂದೆ.

ಕೋವಿ ಬೇಡ. ಅದು ನಿನ್ನದು, ಕಣ್ಣು ಇರುವಷ್ಟು ದಿನ ಹೊಡಿ. ಆದರೆ ಶನಿವಾರ ಅದನ್ನು ತಗೊಂಡು ಬಾ, ಬರ್ನಡೀನಳೂ ಬರಲಿ, ಊಟಕ್ಕೆ ನಿಲ್ಲಿ. ಐದಾರು ತೋಟೆ ನೀನೇ ತುಂಬಿಕೊಂಡು ಬಾ. ಹಿಂದಿನ ಗುಡ್ಡಕ್ಕೆ ಒಂದು ಡಬ್ಬಿ ಇಟ್ಟು ನಾನು ಹೊಡೆಯುತ್ತೇನೆ. ನೀನು ನಗಬೇಡ. ಇಪ್ಪತ್ತಾರು ವರ್ಷದಲ್ಲಿ ಎಷ್ಟು ಸಾವಿರ ತುಂಬಿದೆನೋ ಲೆಕ್ಕ ಇಟ್ಟಿಲ್ಲ, ಅಪ್ಪ ಒಂದು ಸಲವೂ ಕೋವಿಯನ್ನು ನನ್ನ ಕೈಗೆ ಕೊಡಲಿಲ್ಲ, ನಾನೂ ಕೇಳಲಿಲ್ಲ. ಅದು ಭುಜಕ್ಕೆ ಹೇಗೆ ಒದೆಯುತ್ತದೆ ಎಂದು ನನಗೆ ಇಂದಿಗೂ ಗೊತ್ತಿಲ್ಲ.

ನಿನ್ನ ಅಕ್ಕ,
ಥೋರಾ